ಕಾಗದ ಇದ್ದವರಿಗಷ್ಟೇ ಪರಿಹಾರವೆ?

ಪೇಟೆಯ ಬೀದಿಗೆ ವಾಹನ ಬಿಡದೆ ಅದನ್ನು ನಡೆದಾಡುವವರಿಗೇ ಮೀಸಲಿಡುವುದು ಒಳ್ಳೆಯ ಕೆಲಸ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಇದನ್ನು ಮಾಡಿ ನೋಡಿದರು. 2021ರಲ್ಲಿ ದೆಹಲಿಯ ಚಾಂದನಿ ಚೌಕದ ಮುಖ್ಯ ಬೀದಿಯಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಲಾಯಿತು. ಇಂಥ ಯೋಜನೆ ಬಂದಾಗ ‘ನಮ್ಮ ಆಸ್ತಿಗೆ ನಷ್ಟ, ಪರಿಹಾರ ಕೊಡಿ’ ಎನ್ನುವ ಮಾಲೀಕರ ದನಿಯೇ ದೊಡ್ಡದಾಗಿ ಕೇಳುತ್ತದೆ.

ಈ ಬೇಡಿಕೆಯನ್ನು ಬಿಡಿಸಿ ನೋಡೋಣ. ರಸ್ತೆಗಾಗಿ ಒಬ್ಬನ ಗೋಡೆ ಕೆಡವಿದರೆ ಪರಿಹಾರ ಕೊಡಲೇಬೇಕು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂದು ಸಂವಿಧಾನದ 300ಎ ವಿಧಿ ಹೇಳುತ್ತದೆ. ಆದರೆ ವಾಹನ ತಡೆದ ಮಾತ್ರಕ್ಕೆ ಮಾಲೀಕನ ಒಂದು ಇಟ್ಟಿಗೆಯೂ ಕದಲುವುದಿಲ್ಲ. ಜನ ಹೆಚ್ಚು ಬಂದರೆ ಬಾಡಿಗೆ ಏರಿಸುವವನೂ ಅವನೇ. ನಷ್ಟ ಸರ್ಕಾರದ್ದು, ಲಾಭ ನನ್ನದು ಎಂಬುದು ಯಾವ ನ್ಯಾಯ?

ನಿಜವಾದ ಪೆಟ್ಟು ಬೀಳುವುದು ಬೇರೆಯವರಿಗೆ. ಕಾಮಗಾರಿ ನಡೆದಷ್ಟು ದಿನ ಬಾಡಿಗೆ ಅಂಗಡಿಯವನಿಗೆ ಗಿರಾಕಿಯಿಲ್ಲ, ಬಾಡಿಗೆ ಮಾತ್ರ ತಪ್ಪದು. ತಳ್ಳುಬಂಡಿಯವರ ಪಾಡು ಇನ್ನೂ ಕಷ್ಟ. ಚಾಂದನಿ ಚೌಕದ ಆ ಬೀದಿಯಿಂದ ವಾಹನಗಳ ಜೊತೆಗೆ ಬೀದಿ ವ್ಯಾಪಾರಿಗಳೂ ಹೊರಬೀಳಬೇಕಾಯಿತು.

2013ರ ಭೂಸ್ವಾಧೀನ ಕಾಯ್ದೆಯು ಮೂರು ವರ್ಷ ಅಲ್ಲೇ ದುಡಿದು ಜೀವನೋಪಾಯ ಕಳೆದುಕೊಂಡ, ಜಮೀನಿಲ್ಲದವರನ್ನೂ ಬಾಧಿತ ಕುಟುಂಬವೆಂದು ಎಣಿಸುತ್ತದೆ. ಆದರೆ ಇಲ್ಲಿ ಭೂಸ್ವಾಧೀನವೇ ಇಲ್ಲವಾದ್ದರಿಂದ ಆ ಬಾಗಿಲು ಮುಚ್ಚಿದೆ. ಉಳಿದಿರುವುದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಅದರಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟಿಸು ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು.

ನಾಳೆ ನಮ್ಮ ರಾಯಚೂರಿನ ತೀನ್ ಕಂದೀಲ್ ಸುತ್ತಲೂ ಇಂಥ ಯೋಜನೆ ಬರಬಹುದು. ಮಸರಕಲ್‌ನಿಂದ ನಸುಕಿನ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಬಂದು ತರಕಾರಿ ಮಾರುವ ಹೆಂಗಸಿಗೆ ಯಾವ ಖಾತೆ, ಯಾವ ಪತ್ರ ಇದೆ? ‘ಹಕ್ಕು’ ಎಂಬ ಮಾತು ಅರಬಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದದ್ದು. ಅರಬಿಯಲ್ಲಿ ಅದಕ್ಕೆ ‘ಸತ್ಯ’ ಎಂಬ ಅರ್ಥವೂ ಇದೆ. ದಿನಾ ಒಂದೇ ಜಾಗದಲ್ಲಿ ಕೂತು ಸಂಸಾರ ಸಾಕಿದ್ದು ಸತ್ಯವಲ್ಲವೇ?

ಹಾಗಾದರೆ ಯೋಜನೆಯ ನಕ್ಷೆ ಬರೆಯುವ ಮೊದಲು ಅಂಥವರ ಹೆಸರು ಬರೆಯಿರಿ, ಅದೇ ಬೀದಿಯಲ್ಲಿ ಅವರಿಗೆ ಜಾಗ ಗುರುತಿಸಿ. ಕಾಮಗಾರಿಯ ತಿಂಗಳುಗಳಲ್ಲಿ ಪಾಲಿಕೆಯ ಮಳಿಗೆಗಳ ಬಾಡಿಗೆ ಮನ್ನಾ ಮಾಡಿ, ಖಾಸಗಿ ಬಾಡಿಗೆದಾರರಿಗೆ ನೆರವು ಕೊಡಿ. ಮಾಲೀಕರ ಅರ್ಜಿಯನ್ನು ಆಮೇಲೆ ತೆರೆಯಿರಿ.