ಜೀಪಿನ ಮೈ ಬೇರೆ, ಬೆನ್ನೆಲುಬು ಬೇರೆ

ಮಕ್ಕಳೇ, ನಂಜನಗೂಡಿನ ದೊಡ್ಡ ಜಾತ್ರೆಯ ತೇರನ್ನು ನೀವು ನೋಡಿರಬಹುದು. ನೋಡಿಲ್ಲದಿದ್ದರೆ ಮನೆಯಲ್ಲಿರುವ ಅಜ್ಜಿಯನ್ನೋ ತಾತನನ್ನೋ ಕೇಳಿ. ಗಾಲಿ, ಅಚ್ಚು, ಕೆತ್ತನೆಯ ಮರದ ಪೀಠ ಕೆಳಗೆ. ಬಟ್ಟೆ ಬಾವುಟಗಳ ಗೋಪುರ ಮೇಲೆ. ಜಾತ್ರೆ ಮುಗಿದ ಮೇಲೆ ಮೇಲಿನದನ್ನು ಬಿಚ್ಚುತ್ತಾರೆ. ಭಾರ ಹೊರುವ ಕೆಳಭಾಗ ಮುಂದಿನ ವರ್ಷಕ್ಕೆ ಉಳಿಯುತ್ತದೆ.

ಹಳೆಯ ಜೀಪೂ ಹಾಗೆಯೇ. ಕೆಳಗೆ ಏಣಿಯನ್ನು ಮಲಗಿಸಿದಂತೆ ಒಂದು ಉಕ್ಕಿನ ಚೌಕಟ್ಟು ಇರುತ್ತದೆ. ಅದೇ ಚಾಸಿ. ಎಂಜಿನ್, ಗೇರ್ ಬಾಕ್ಸ್, ಚಕ್ರ ಎಲ್ಲವೂ ಅದನ್ನೇ ನಂಬಿಕೊಂಡಿವೆ. ನಾವು ಕೂರುವ ತಗಡಿನ ಬಾಡಿಯನ್ನು ಅದರ ಮೇಲೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. 1960ರ ದಶಕದಲ್ಲಿ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೂ ಚಾಸಿ ಬೇರೆಯೇ. ಆದರೆ 2014ರವರೆಗೆ ತಯಾರಾದ ಅಂಬಾಸಿಡರ್‌ಗೆ, ಪ್ರೀಮಿಯರ್ ಪದ್ಮಿನಿಗೆ ಹೀಗೆ ಬೇರೆ ಚೌಕಟ್ಟು ಇಲ್ಲ. ನೆಲ, ಕಂಬ, ಚಾವಣಿ ಎಲ್ಲ ಬೆಸೆದು ಒಂದಾಗಿರುವುದರಿಂದ ಬಾಡಿಯೇ ಅವುಗಳ ಬೆನ್ನೆಲುಬು.

ನಮ್ಮ ಹುಲ್ಲಹಳ್ಳಿಯಲ್ಲಿ ಒಬ್ಬ ಹಿರಿಯ ರೈತರ ಕೊಟ್ಟಿಗೆಯಲ್ಲಿ ಹಳೆಯ ಜೀಪೊಂದು ನಿಂತಿತ್ತು. ಮಗ ಗುಜರಿಗೆ ಹಾಕೋಣ ಎಂದ. ಮೊಮ್ಮಗಳು ಬೇಡವೆಂದು ಹಟ ಹಿಡಿದಳು. ಕೊನೆಗೆ ಮೇಸ್ತ್ರಿಯನ್ನು ಕರೆಸಿದರು. ನಾನೂ ಹೋಗಿದ್ದೆ. ಮೇಸ್ತ್ರಿ ಬಗ್ಗಿ ನೋಡಿ, "ಗದ್ದೆ ಕೆಸರು ಬಾಡಿಗೂ ಚಾಸಿಗೂ ನಡುವೆ ಕೂತು ತುಕ್ಕು ತಿಂದದೆ ಯಜಮಾನ್ರೇ. ಬಾಡಿ ಎತ್ತದೆ ಬಣ್ಣ ಹೊಡೆದ್ರೆ ಹುಣ್ಣಿನ ಮೇಲೆ ಪೌಡರ್ ಹಾಕ್ದಂಗೆ" ಅಂದ.

"ಎತ್ತೋದು ಸರಿ, ಮತ್ತೆ ಕೂರಿಸ್ತೀಯೇನಪ್ಪ?" ಎಂದು ಹಿರಿಯರು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ ಅದು. ಎಷ್ಟೋ ಹಳೆಯ ವಾಹನಗಳು ಕೊನೆಯಾಗುವುದು ರಸ್ತೆಯಲ್ಲಲ್ಲ, ಶೆಡ್ಡಿನಲ್ಲಿ. ಉತ್ಸಾಹದಿಂದ ಬಿಚ್ಚುತ್ತಾರೆ. ಆರು ತಿಂಗಳಾದ ಮೇಲೆ ಯಾವ ನಟ್ಟು ಎಲ್ಲಿಯದೆಂದು ಯಾರಿಗೂ ನೆನಪಿರುವುದಿಲ್ಲ. ಬಾಡಿ ಒಂದು ಕಡೆ, ಚಾಸಿ ಒಂದು ಕಡೆ ಮಲಗಿಬಿಡುತ್ತವೆ.

ಮೇಸ್ತ್ರಿ ಪಾನಾ ಮುಟ್ಟುವ ಮೊದಲು ಒಂದು ನೋಟ್ ಬುಕ್ ಕೇಳಿದ. ಬರೆಯುವ ಕೆಲಸ ಮೊಮ್ಮಗಳದು. ಎಲ್ಲ ಕಡೆಯಿಂದ ಫೋಟೊ ತೆಗೆದರು. ಬ್ಯಾಟರಿ ಕಳಚಿದರು, ಪೆಟ್ರೋಲ್ ಖಾಲಿ ಮಾಡಿದರು. ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇರುತ್ತದೆ! ಆಮೇಲೆ ವೈರು, ಬ್ರೇಕ್ ಪೈಪು, ಸ್ಪೀಡೋಮೀಟರ್ ಕೇಬಲ್, ಸ್ಟೇರಿಂಗ್ ಒಂದೊಂದಾಗಿ ಬಿಡಿಸಿಕೊಂಡವು. ಪ್ರತಿಯೊಂದಕ್ಕೂ ಚೀಟಿ, ಪ್ರತಿ ಚೀಟಿಗೂ ನಂಬರು. ಹುಡುಗಿ ಬರೆದದ್ದು ನಮ್ಮ ಬ್ಯಾಂಕಿನ ಲೆಡ್ಜರಿಗಿಂತ ಅಚ್ಚುಕಟ್ಟಾಗಿತ್ತು. "ತಾತ, ಈ ದಪ್ಪ ವಾಷರ್ ಯಾಕೆ ಎಡಗಡೆ ಮಾತ್ರ?" ಎಂದಳು. ಆ ಕಡೆ ಬಾಡಿ ತುಸು ಇಳಿದಿತ್ತೆಂದು ತಾವೇ ಹಾಕಿಸಿದ್ದು ಹಿರಿಯರಿಗೆ ಥಟ್ಟನೆ ನೆನಪಾಯಿತು. ಇದು ಯಾವ ಪುಸ್ತಕದಲ್ಲೂ ಸಿಗದು. ಅಂದು ಅದು ನೋಟ್ ಬುಕ್ಕಿಗೆ ಬಂತು.

ಎತ್ತುವ ಮೊದಲು ಬಾಗಿಲ ಜಾಗದಲ್ಲಿ ಅಡ್ಡ ಕಬ್ಬಿಣದ ಸರಳು ಬೆಸೆದರು. ಯಾಕೆಂದು ತಿಳಿಯಬೇಕೇ? ಚಪ್ಪಲಿಯ ರಟ್ಟಿನ ಡಬ್ಬ ತಂದು ಎರಡು ಪಕ್ಕದಲ್ಲೂ ಬಾಗಿಲಿನಷ್ಟು ಕತ್ತರಿಸಿ. ಒಳಗೆ ಒಂದು ಪುಸ್ತಕವಿಟ್ಟು ಎರಡು ತುದಿ ಹಿಡಿದು ಎತ್ತಿ. ನಡು ಬಾಗುತ್ತದೆ. ಕತ್ತರಿಸಿದ ಜಾಗಕ್ಕೆ ಅಡ್ಡ ಕಡ್ಡಿ ಅಂಟಿಸಿ ಮತ್ತೆ ಎತ್ತಿ. ಬಾಗುವುದು ಕಡಿಮೆಯಾಗುತ್ತದೆ. ತುಕ್ಕು ತಿಂದ ಬಾಡಿಯೂ ಹಾಗೆಯೇ. ಹಾಗೇ ಎತ್ತಿದರೆ ಸೊಟ್ಟಗಾಗಿ, ಆಮೇಲೆ ಬೋಲ್ಟಿನ ತೂತುಗಳೇ ಕೂಡುವುದಿಲ್ಲ.

ಕಚ್ಚಿಕೊಂಡ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರು. ಎಂಟು ಜನ ನಾಲ್ಕು ಕಡೆ ನಿಂತು, ಒಬ್ಬನ ಮಾತಿಗೆ ಒಟ್ಟಿಗೆ ಎತ್ತಿ, ಮರದ ದಿಮ್ಮಿಗಳ ಮೇಲಿಟ್ಟರು. ಎತ್ತಿದ ಬಾಡಿಯ ಕೆಳಗೆ ತಲೆ ಹಾಕಬಾರದೆಂದು ಮಕ್ಕಳನ್ನು ದೂರ ನಿಲ್ಲಿಸಿದ್ದರು.

ಈಗ ಚಾಸಿ ನೆಟ್ಟಗಿದೆಯೇ ಎಂದು ತಿಳಿಯುವುದು ಹೇಗೆ? ನಿಮ್ಮ ಗಣಿತ ಪುಸ್ತಕದಲ್ಲೇ ಇದೆ: ಆಯತದ ಎರಡು ಕರ್ಣಗಳು ಸಮ. ಅಳತೆಗೆ ಗುರುತು ಮಾಡಿದ ನಾಲ್ಕು ಜಾಗಗಳ ನಡುವೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರು. ಎರಡೂ ಒಂದೇ ಬಂತು. ಹಿರಿಯರು ಮಾತಾಡಲಿಲ್ಲ, ಟವೆಲಿನಿಂದ ಮುಖ ಒರೆಸಿಕೊಂಡರು.

ತುಕ್ಕು ಉಜ್ಜುವ ಮುನ್ನ ನಾನೊಂದು ಮಾತು ಹೇಳಿದೆ. ವಾಹನದ ಸಾಲ ಕೊಡುವಾಗ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ನಮ್ಮ ಕಡತದಲ್ಲಿರುತ್ತಿತ್ತು. ಆರ್‌ಸಿ ಪುಸ್ತಕದಲ್ಲಿರುವುದೂ ಅದೇ ನಂಬರು. ಬಣ್ಣ ಬದಲಾಗಬಹುದು, ತಗಡು ಬದಲಾಗಬಹುದು. ಆ ನಂಬರು ಅಳಿಸಿದರೆ ಜೀಪು ತನ್ನ ಹೆಸರನ್ನೇ ಕಳೆದುಕೊಂಡಂತೆ. ಅದನ್ನೂ ನೋಟ್ ಬುಕ್ಕಿನಲ್ಲಿ ಅಚ್ಚು ತೆಗೆದುಕೊಂಡರು.

ಬಾಡಿ ಇನ್ನೂ ದಿಮ್ಮಿಗಳ ಮೇಲೆಯೇ ಇದೆ. ತಗಡಿನ ಕೆಲಸ ನಿಧಾನದ್ದು. ಆದರೆ ನೋಟ್ ಬುಕ್ ಭದ್ರವಾಗಿದೆ. ತಾತಂದಿರೇ, ಅಜ್ಜಿಯರೇ, ನಿಮ್ಮ ಮನೆಯ ಹೊಲಿಗೆ ಯಂತ್ರ, ಗೋಡೆ ಗಡಿಯಾರಗಳ ಗುಟ್ಟು ಗೊತ್ತಿರುವುದು ನಿಮಗೇ. ಅವನ್ನು ಬಿಚ್ಚುವ ದಿನ ಪಕ್ಕದಲ್ಲಿ ಒಂದು ಮಗುವನ್ನು ಕೂರಿಸಿಕೊಂಡು ಬರೆಸಿ.

ಮಕ್ಕಳೇ, ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ 'ಪಯಣ' ಕಾರು ಸಂಗ್ರಹಾಲಯಕ್ಕೆ ಹೋದರೆ, ಹೊಳೆಯುವ ಬಣ್ಣವನ್ನಷ್ಟೇ ನೋಡಬೇಡಿ. ಕೈ ತಾಕಿಸದೆ, ತುಸು ಬಗ್ಗಿ ಕೆಳಗೂ ನೋಡಿ.