ಕಾರ್ಖಾನೆಯ ಅಟ್ಟ: ಬರೆಯದೆ ಬಿಟ್ಟ ಒಂದು ಸಂಖ್ಯೆ

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಟವೆಲ್, ಚಾದರ ನೇಯುವ ಷೆಡ್ಡುಗಳ ಸೂರು ಎತ್ತರವಾಗಿಯೇ ಇರುತ್ತದೆ. ನೆಲ ಮಾತ್ರ ಎಂದಿಗೂ ಸಾಲದು. ಎರಡು ಮಗ್ಗ ಹೆಚ್ಚಾದರೆ ನೂಲಿನ ಚೀಲಗಳು ದಾರಿಗೆ ಬರುತ್ತವೆ, ಅಂಚು ಹೊಲಿಯುವ ಯಂತ್ರಗಳು ಮೂಲೆ ಸೇರುತ್ತವೆ, ಕಟ್ಟಿಟ್ಟ ಮಾಲು ಬಾಗಿಲಿಗೆ ಅಡ್ಡವಾಗುತ್ತದೆ. ಆಗ ಮಾಲೀಕರ ಕಣ್ಣು ತಲೆಯ ಮೇಲಿನ ಖಾಲಿ ಜಾಗದ ಕಡೆಗೆ ಹೋಗುವುದು ಸಹಜ. ನೆಲಕ್ಕೂ ಸೂರಿಗೂ ನಡುವೆ ಕಬ್ಬಿಣದ ಒಂದು ಅಟ್ಟ ಎದ್ದು ನಿಲ್ಲುತ್ತದೆ. ಎಂಜಿನಿಯರುಗಳು ಇದನ್ನು ಮೆಜ್ಜನೈನ್ ಎನ್ನುತ್ತಾರೆ, ಮರಾಠಿಯಲ್ಲಿ ಪೋಟಮಾಳಾ. ಈ ಅಂಕಣದ ಓದುಗರಲ್ಲಿ ಇಂಥ ಅಟ್ಟವನ್ನು ಕಟ್ಟಿಸುವವರೂ ಇದ್ದಾರೆ, ಅದರ ಮೇಲೆ ಕುಳಿತು ದಿನವಿಡೀ ಟವೆಲಿನ ಅಂಚು ಹೊಲಿಯುವವರೂ ಇದ್ದಾರೆ. ಶಾಲೆ ಬಿಟ್ಟ ಮೇಲೆ ಅದರ ಕೆಳಗೆ ಕುಳಿತು ತಾಯಿಯ ಪಾಳಿ ಮುಗಿಯುವುದನ್ನು ಕಾಯುವ ಮಕ್ಕಳೂ ಇಲ್ಲದಿಲ್ಲ.

ಅಟ್ಟ ಕಟ್ಟಿಸುವ ಮಾತುಕತೆ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಫ್ಯಾಬ್ರಿಕೇಟರ್ ಬಂದು ಟೇಪು ಹಿಡಿದು ಅಳೆಯುತ್ತಾರೆ. “ಶೇಠಜೀ, ಹನ್ನೆರಡು ಬೈ ಎಂಟು ಮೀಟರ್ ಆಗ್ತೈತ್ರಿ. ಐಎಸ್‌ಎಂಬಿ ತೊಲಿ, ಮ್ಯಾಲೆ ಚೆಕರ್ಡ್ ಪ್ಲೇಟ್. ಆನಿ ನಿಂತ್ರೂ ಜಗ್ಗಂಗಿಲ್ಲ.” ಕಿಲೋಕ್ಕೆ ಎಷ್ಟು ದರ ಎಂಬುದರ ಮೇಲೆ ಸ್ವಲ್ಪ ಚೌಕಾಶಿ ನಡೆಯುತ್ತದೆ, ಚೀಟಿಯೊಂದರ ಮೇಲೆ ಅಳತೆ ಮತ್ತು ದರ ಬೀಳುತ್ತವೆ, ಮುಂಗಡ ಕೈ ಸೇರುತ್ತದೆ. ಆ ಚೀಟಿಯಲ್ಲಿ ಎಲ್ಲವೂ ಇರುತ್ತದೆ, ಒಂದು ಸಂಖ್ಯೆಯ ಹೊರತು: ಆ ಅಟ್ಟ ಹೊರಬೇಕಾದ ಭಾರ.

ಆ ಸಂಖ್ಯೆಯನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗ ಅದನ್ನು 1987ರಿಂದಲೂ ಕೋಷ್ಟಕದಲ್ಲಿ ಮುದ್ರಿಸಿ ಇಟ್ಟಿದೆ. ವಾಸದ ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 204 ಕಿಲೋ. ಹಗುರ ಯಂತ್ರಗಳಿರುವ ಕೆಲಸದ ಜಾಗಕ್ಕೆ 5, ಮಧ್ಯಮ ಯಂತ್ರಗಳಿಗೆ 7, ಭಾರಿ ಯಂತ್ರಗಳಿಗೆ 10. ಗೋದಾಮಿನ ಲೆಕ್ಕ ಬೇರೆ: ಮಾಲು ಪೇರಿಸುವ ಎತ್ತರದ ಪ್ರತಿ ಮೀಟರಿಗೆ 2.4ರಂತೆ ಹಿಡಿಯಬೇಕು, ಆದರೆ ಎಷ್ಟೇ ಗಿಡ್ಡಗೆ ಪೇರಿಸಿದರೂ 7.5ಕ್ಕಿಂತ ಕಡಿಮೆ ಹಿಡಿಯುವಂತಿಲ್ಲ. ಇದನ್ನು ನೂಲಿನ ಲೆಕ್ಕಕ್ಕೆ ತಂದರೆ ಅರ್ಥ ಬೇಗ ಆಗುತ್ತದೆ. ಮನೆಯ ಕೋಣೆಯ ಲೆಕ್ಕದಲ್ಲಿ ಕಟ್ಟಿದ ಅಟ್ಟದ ಒಂದು ಚದರ ಮೀಟರಿನಲ್ಲಿ 50 ಕಿಲೋದ ನಾಲ್ಕು ಚೀಲ ಇಡಬಹುದು. ಗೋದಾಮಿನ ಲೆಕ್ಕದಲ್ಲಿ ಕಟ್ಟಿದ್ದರೆ ಹದಿನೈದು. ಹನ್ನೆರಡು ಬೈ ಎಂಟರ ಅಟ್ಟ 96 ಚದರ ಮೀಟರ್. ಮೊದಲನೆಯ ಲೆಕ್ಕದಲ್ಲಿ ಅದು ಹೊರಬಲ್ಲದ್ದು 20 ಟನ್ನಿಗಿಂತ ತುಸು ಕಡಿಮೆ, ಎರಡನೆಯದರಲ್ಲಿ 73 ಟನ್. ಬೆಳೆದ ಆನೆ ನಾಲ್ಕು ಟನ್ ತೂಗುತ್ತದೆ ಎಂದುಕೊಂಡರೆ, ನೂಲು ತುಂಬಿದ ಅಟ್ಟದ ಮೇಲೆ ನಿಲ್ಲುವುದು ಒಂದು ಆನೆಯಲ್ಲ, ಹದಿನೆಂಟು.

ಇಲ್ಲಿ ಕಾಯಿದೆಯ ಮಾತು ಬರುತ್ತದೆ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶ ಇಂಥದೆಂದು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನೆಚ್ಚಿ ಕೊಂಡಿದ್ದರೆ, ವಸ್ತು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಕರಾರು ಬರೆಯದಿದ್ದರೂ ಇದ್ದಂತೆಯೇ. ನಿಂತ ಜಾಗದಲ್ಲೇ ಕಟ್ಟಿಕೊಡುವ ಕೆಲಸ ಸರಕಿನ ಮಾರಾಟವೋ ಅಲ್ಲವೋ ಎಂಬ ವಾದವನ್ನು ವಕೀಲರು ಎಷ್ಟು ದಿನ ಬೇಕಾದರೂ ಬೆಳೆಸಬಲ್ಲರು. ಅದಕ್ಕಿಂತ ಮುಖ್ಯವಾದದ್ದು ತಿಳಿಸುವಿಕೆ. ಮೇಲೆ ನೂಲು ಪೇರಿಸುತ್ತೇನೆಂದು ಮಾಲೀಕರು ಹೇಳಿದ್ದೇ ಇಲ್ಲ, ಕುರ್ಚಿ ಮೇಜು ಹಾಕಿ ಆಫೀಸು ಮಾಡುತ್ತೇನೆ ಎಂದಿದ್ದರು ಎಂದು ಫ್ಯಾಬ್ರಿಕೇಟರ್ ನ್ಯಾಯಾಲಯದಲ್ಲಿ ನಿಂತು ಹೇಳಿದರೆ, ಅಳತೆ ಮತ್ತು ದರ ಮಾತ್ರ ಇರುವ ಚೀಟಿ ಮಾಲೀಕರ ನೆರವಿಗೆ ಬರುವುದಿಲ್ಲ. ಒಂದು ಸಾಲು ಬೇಕು: “ಈ ಅಟ್ಟ ನೂಲಿನ ಚೀಲಗಳ ಸಂಗ್ರಹಕ್ಕೆ, ಚದರ ಮೀಟರಿಗೆ 7.5 ಕಿಲೋನ್ಯೂಟನ್ ಚರಭಾರಕ್ಕೆ ವಿನ್ಯಾಸ ಮಾಡತಕ್ಕದ್ದು.” ಆ ಸಾಲು ಬರೆದ ಮೇಲೆ ಉಳಿದುದೆಲ್ಲ ಎಂಜಿನಿಯರರ ಕೆಲಸ, ಬರೆಯದಿದ್ದರೆ ಎಂಥ ಎಂಜಿನಿಯರರೂ ಊಹೆಯಿಂದಲೇ ಆರಂಭಿಸಬೇಕಾಗುತ್ತದೆ.

ಮುಂದಿನದು ಸಾಮಗ್ರಿ. ಉಕ್ಕು ಐಎಸ್ 2062ರ ಇ250 ದರ್ಜೆಯದು ಎಂದು ಬರೆಸಬೇಕು. ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರ ಮಾಲಿನೊಂದಿಗೆ ಬರಬೇಕು. ವಿನ್ಯಾಸ ಐಎಸ್ 800ರ 2007ರ ಆವೃತ್ತಿಯಂತೆ ಇರಬೇಕು. ದರ ಕಿಲೋದ ಲೆಕ್ಕದಲ್ಲಿದ್ದಾಗ ತೂಕ ಇಳಿಸುವ ಆಸೆ ಮಾಲೀಕರದೇ ಆಗಿರುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ತೊಲೆ 200ರ ಬದಲು 150 ಆದರೆ ಸಾಕಲ್ಲವೇ ಎಂದು ಕೇಳುವವರು ಅವರೇ. ಐಎಸ್‌ಎಂಬಿ 200 ಮೀಟರಿಗೆ ಸುಮಾರು 25 ಕಿಲೋ ತೂಗುತ್ತದೆ, 150 ಸುಮಾರು 15. ವೇಬ್ರಿಜ್ ಚೀಟಿಯನ್ನು ನಕ್ಷೆಯ ಪಕ್ಕದಲ್ಲಿಟ್ಟು ಗುಣಿಸಿದರೆ, ಬಂದ ಮಾಲು ಬರೆದ ಮಾಲೇ ಹೌದೋ ಅಲ್ಲವೋ ಎಂಬುದು ಎಂಜಿನಿಯರಿಂಗ್ ಓದದವರಿಗೂ ತಿಳಿಯುತ್ತದೆ. ಬೋಲ್ಟಿನ ತಲೆಯ ಮೇಲೆ 4.6 ಅಥವಾ 8.8 ಎಂದು ಒತ್ತಿರುತ್ತದೆ. ಎರಡನೆಯದು ಮೊದಲನೆಯದರ ಎರಡು ಪಟ್ಟು ಬಲದ್ದು. ನಕ್ಷೆಯಲ್ಲಿ 8.8 ಇದ್ದು ಪೆಟ್ಟಿಗೆಯಲ್ಲಿ 4.6 ಬಂದರೆ ಅದನ್ನು ಹಿಂದಿರುಗಿಸಲು ಕಣ್ಣು ಸಾಕು. ಹಾಸಿಗೆ ಚೆಕರ್ಡ್ ಪ್ಲೇಟಾದರೆ ಎಷ್ಟು ಮಿಲಿಮೀಟರ್ ದಪ್ಪ, ಅದರಡಿಯ ಮರಿತೊಲೆಗಳು ಎಷ್ಟು ದೂರಕ್ಕೊಂದು ಎಂಬ ಎರಡೂ ಬರಬೇಕು. ದಪ್ಪ ಬರೆದು ಅಂತರ ಬಿಟ್ಟರೆ ಬರೆದಂತಲ್ಲ. ಅಗ್ಗವೆಂದು ಪ್ಲೈವುಡ್ ಹಾಸುವವರೂ ಇದ್ದಾರೆ. ಹತ್ತಿಯ ಧೂಳು ಹಾರಾಡುವ ಜಾಗದಲ್ಲಿ ಅದು ಬೆಂಕಿಗೆ ಹಾಕಿದ ಹಾಸಿಗೆ.

ತೊಲೆ ಮುರಿಯದಿದ್ದರೆ ಸಾಕೆಂಬ ಭಾವನೆಯೂ ಸರಿಯಲ್ಲ. ಚರಭಾರದಿಂದ ಅದು ಬಾಗುವುದಕ್ಕೂ ಐಎಸ್ 800 ಮಿತಿ ಹಾಕಿದೆ: ಸಾಮಾನ್ಯ ಹಾಸಿಗೆಯಾದರೆ ಉದ್ದದ ಮುನ್ನೂರರಲ್ಲಿ ಒಂದು ಪಾಲು, ಬಿರುಕು ಬಿಡುವಂಥದಾದರೆ ಮುನ್ನೂರ ಅರವತ್ತರಲ್ಲಿ ಒಂದು ಪಾಲು. ನಾಲ್ಕು ಮೀಟರಿನ ತೊಲೆಗೆ ಇದು ಸುಮಾರು 13 ಮಿಲಿಮೀಟರ್. ಈ ಲೆಕ್ಕ ಕೆಡುವುದು ಕೆಲಸ ನಡೆಯುತ್ತಿರುವಾಗ. ನಾಲ್ಕು ಮೀಟರಿಗೊಂದು ಕಂಬವಿರುವ ನಕ್ಷೆಯಂತೆ ಕಂಬಗಳು ನಿಲ್ಲುತ್ತಿರುತ್ತವೆ. ಕೈಗಾಡಿ ತಿರುಗಲು ನಡುವಿನ ಕಂಬ ಅಡ್ಡವೆಂದು ಯಾರಿಗೋ ಹೊಳೆಯುತ್ತದೆ. “ಅದೊಂದು ತೆಗೀರಿ” ಎಂಬ ಮಾತು ಸುಲಭ. ಆದರೆ ನಾಲ್ಕು ಮೀಟರಿನ ತೊಲೆ ಎಂಟಾದರೆ, ಪ್ರತಿ ಮೀಟರಿನ ಭಾರ ಅಷ್ಟೇ ಇದ್ದರೂ, ಅದನ್ನು ಬಾಗಿಸುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಬಾಗು ಹದಿನಾರು ಪಟ್ಟು. ತೆಗೆದ ಕಂಬದ ಹೊರೆ ಅಕ್ಕಪಕ್ಕದವುಗಳ ಪಾಲಿಗೆ ಬರುವುದು ಬೇರೆ.

ಆ ಕಂಬಗಳು ನಿಲ್ಲುವುದಾದರೂ ಯಾವುದರ ಮೇಲೆ? ನಡುವಿನ ಒಂದು ಕಂಬ 16 ಚದರ ಮೀಟರಿನ ಹೊರೆ ಹೊತ್ತಿರುತ್ತದೆ. ಮಾಲಿನ ಭಾರವೇ 12 ಟನ್ ದಾಟುತ್ತದೆ. ಇರುವ ಕಾಂಕ್ರೀಟ್ ನೆಲಕ್ಕೆ ನಾಲ್ಕು ತೂತು ಕೊರೆದು, ಬೇಸ್ ಪ್ಲೇಟಿಗೆ ಬೋಲ್ಟು ಬಿಗಿದು ಮುಗಿಸುವ ರೂಢಿ ಉಂಟು. ಷೆಡ್ಡಿನ ನೆಲ ನಡೆದಾಡಲು, ಗಾಡಿ ಎಳೆಯಲು ಹಾಕಿದ್ದು. ಅದರ ಕೆಳಗಿರುವುದು ಈ ಸೀಮೆಯ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಎರೆಹೊಲ ಉಳುವವರ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲ ಒಡೆದು, ಮಣ್ಣಿನ ಪರೀಕ್ಷೆಗೆ ತಕ್ಕಂತೆ ಪ್ರತಿ ಕಂಬಕ್ಕೂ ಪಾಯ ಹಾಕತಕ್ಕದ್ದು ಎಂಬ ಸಾಲು ಕರಾರಿನಲ್ಲಿರಬೇಕು. ಖರ್ಚು ಹೆಚ್ಚುವುದು ನಿಜ. ಬಾಡಿಗೆಯ ಷೆಡ್ಡಾದರೆ ನೆಲ ಒಡೆಯಲು ಜಾಗದ ಒಡೆಯರ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಂ ಬಾಡಿಗೆದಾರ ಒಪ್ಪಿಗೆಯಿಲ್ಲದೆ ಶಾಶ್ವತ ರಚನೆ ಕಟ್ಟುವುದನ್ನು ತಡೆಯುತ್ತದೆ.

ಪಾಯದ ಖರ್ಚು ಉಳಿಸಲು ಇನ್ನೊಂದು ಉಪಾಯ ಹೂಡುವುದುಂಟು: ಕಂಬವೇ ಬೇಡ, ಮೇಲಿನ ಟ್ರಸ್ಸಿಗೆ ಕಬ್ಬಿಣದ ರಾಡು ಕಟ್ಟಿ ಅಟ್ಟವನ್ನು ತೂಗುಬಿಡುವುದು. ಮಳೆ ಗಾಳಿ ತಡೆಯಲೆಂದು ಕಟ್ಟಿದ ಟ್ರಸ್ಸು ಟನ್ನುಗಟ್ಟಲೆ ಮಾಲಿಗೆ ಕೊರಳು ಕೊಡಬೇಕಾಗುತ್ತದೆ. ತೂಗುವ ರಚನೆಯಲ್ಲಿ ಒಂದು ನಟ್ಟಿನ ಜಾಗ ಬದಲಾದರೆ ಏನಾಗುತ್ತದೆ ಎಂಬುದನ್ನು ಜಗತ್ತಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಅಮೆರಿಕದ ಕಾನ್ಸಾಸ್ ಸಿಟಿಯ ಪ್ರಕರಣದಿಂದ ಕಲಿಯುತ್ತಾರೆ. ಅಲ್ಲಿನ ಹೋಟೆಲೊಂದರಲ್ಲಿ ಎರಡನೆಯ ಮತ್ತು ನಾಲ್ಕನೆಯ ಮಹಡಿಯ ಕಾಲುಸೇತುವೆಗಳು ಒಂದರ ಕೆಳಗೊಂದು ತೂಗುತ್ತಿದ್ದವು. ಮೊದಲ ನಕ್ಷೆಯಲ್ಲಿ ಸೂರಿನಿಂದ ಇಳಿದ ಒಂದೇ ಉದ್ದ ರಾಡು ಎರಡನ್ನೂ ಹಿಡಿದಿತ್ತು. ತಯಾರಿಸುವವರ ಅನುಕೂಲಕ್ಕಾಗಿ ಅದನ್ನು ಎರಡು ತುಂಡು ಮಾಡಲಾಯಿತು: ಸೂರಿನಿಂದ ಮೇಲಿನದಕ್ಕೆ ಒಂದು, ಮೇಲಿನದರಿಂದ ಕೆಳಗಿನದಕ್ಕೆ ಇನ್ನೊಂದು. ರಾಡು ಅದೇ, ಉಕ್ಕು ಅದೇ. ಆದರೆ ಮೇಲಿನ ಸೇತುವೆಯ ತೊಲೆಯಡಿಯ ನಟ್ಟು ಈಗ ಎರಡೂ ಸೇತುವೆಗಳ ಭಾರ ಹೊರಬೇಕಾಯಿತು. 1981ರ ಜುಲೈ 17ರ ಸಂಜೆ ಅವು ಕುಸಿದು 114 ಜನ ಸತ್ತರು. ಬದಲಾದ ನಕ್ಷೆಯ ಮೇಲೆ ಎಂಜಿನಿಯರರ ಮುದ್ರೆ ಇತ್ತು. ಲೆಕ್ಕ ಮತ್ತೆ ಮಾಡಿರಲಿಲ್ಲ. ಇಬ್ಬರು ಎಂಜಿನಿಯರರು ಪರವಾನಗಿ ಕಳೆದುಕೊಂಡರು. ಆದುದರಿಂದ ಕರಾರಿನಲ್ಲಿ ಇನ್ನೊಂದು ಸಾಲು ಅವಶ್ಯ: ವಿನ್ಯಾಸ ಮಾಡಿದ ಎಂಜಿನಿಯರರು ಮರುಲೆಕ್ಕ ಮಾಡಿ ಸಹಿ ಹಾಕದೆ ಕಂಬ, ತೊಲೆ, ಜೋಡಣೆ ಯಾವುದನ್ನೂ ಬದಲಿಸತಕ್ಕದ್ದಲ್ಲ, ಮಾಲೀಕರು ಬಾಯಿಮಾತಿನಲ್ಲಿ ಹೇಳಿದರೂ ಬದಲಿಸತಕ್ಕದ್ದಲ್ಲ.

ಬೆಂಕಿಯ ಮಾತನ್ನು ಸೊಲ್ಲಾಪುರದವರಿಗೆ ದೂರದ ಊರಿನ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ. 2025ರ ಮೇ 18ರ ನಸುಕಿನಲ್ಲಿ ಇದೇ ಅಕ್ಕಲಕೋಟೆ ರಸ್ತೆಯ ವಸಾಹತಿನ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ಎಂಟು ಜನ ಮೃತಪಟ್ಟರು. ಮಾಲೀಕರ ಕುಟುಂಬದವರೂ ಕಾರ್ಮಿಕರೂ ಅದರಲ್ಲಿದ್ದರು. ಆ ದುರಂತಕ್ಕೂ ಅಟ್ಟಕ್ಕೂ ಸಂಬಂಧ ಕಲ್ಪಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಉಕ್ಕು ಸುಡದಿದ್ದರೂ ಸುಮಾರು 550 ಡಿಗ್ರಿ ಸೆಲ್ಸಿಯಸ್ ಕಾವಿಗೆ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಹತ್ತಿಯ ಬೆಂಕಿ ಆ ಕಾವನ್ನು ಬೇಗ ಮುಟ್ಟುತ್ತದೆ. ಕಂಬ ತೊಲೆಗಳಿಗೆ ಅಗ್ನಿನಿರೋಧಕ ಲೇಪ ಎಷ್ಟು ಹೊತ್ತು ತಡೆಯುವಂಥದು ಎಂಬುದನ್ನು ವಿವರಪತ್ರದಲ್ಲಿ ಹೇಳಬೇಕು. ಅಟ್ಟದ ಎರಡು ತುದಿಗಳಿಂದ ಎರಡು ಮೆಟ್ಟಿಲು ಇಳಿಯಬೇಕು. ನೆಟ್ಟಗೆ ನಿಲ್ಲಿಸಿದ ಏಣಿ ಮೆಟ್ಟಿಲಲ್ಲ. ಹೊಗೆಯಲ್ಲಿ ಸೀರೆಯುಟ್ಟ ಹೆಂಗಸು ಅದರಿಂದ ಇಳಿಯಲಾರಳು. ರಾತ್ರಿ ಪಾಳಿಯವರು ಅಟ್ಟದ ಮೇಲೆ ಮಲಗುವ ರೂಢಿ ನಿಲ್ಲಲೇಬೇಕು.

ಅನುಮತಿಯ ವಿಷಯ ಚಿಕ್ಕದು. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಅಟ್ಟದ ವಿಸ್ತೀರ್ಣ ತಳದ ಮೂರನೆಯ ಒಂದು ಪಾಲನ್ನು ಮೀರಬಾರದು. 96 ಚದರ ಮೀಟರಿನ ಅಟ್ಟಕ್ಕೆ ಸುಮಾರು 300ರ ಷೆಡ್ಡು ಬೇಕು. ವಸಾಹತಿನ ಒಳಗೆ ನಕ್ಷೆ ಮಂಜೂರು ಮಾಡುವುದು ಎಂಐಡಿಸಿ. ಅರ್ಜಿ ಕೊಡುವ ಮೊದಲೇ ಕಟ್ಟಿ ಆಮೇಲೆ ಸರಿಪಡಿಸಿಕೊಳ್ಳುವ ಹಾದಿ ದುಬಾರಿ.

ನೆಲ, ಮೆಟ್ಟಿಲು, ದಾರಿಗಳು ಗಟ್ಟಿಮುಟ್ಟಾಗಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯ 32ನೆಯ ಕಲಂ ಹೇಳಿತು. 39ನೆಯ ಕಲಂ ಅದಕ್ಕಿಂತ ತೀಕ್ಷ್ಣವಾಗಿತ್ತು: ಕಟ್ಟಡದ ಭಾಗವೊಂದು ಅಪಾಯಕಾರಿ ಎನಿಸಿದರೆ ಇನ್‌ಸ್ಪೆಕ್ಟರರು ಅದರ ನಕ್ಷೆ, ವಿವರಪತ್ರಗಳನ್ನು ಕೊಡುವಂತೆ, ಪರೀಕ್ಷೆ ಮಾಡಿಸಿ ತೋರಿಸುವಂತೆ ಆಜ್ಞಾಪಿಸಬಹುದಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಕಾಯಿದೆಯನ್ನು ತನ್ನೊಳಗೆ ತೆಗೆದುಕೊಂಡಿದೆ, ಮಾಲೀಕರ ಹೊಣೆಯನ್ನು ಇಳಿಸಿಲ್ಲ. ಅಳತೆ ಮತ್ತು ದರದ ಚೀಟಿಯನ್ನು ಅಂಥ ಆಜ್ಞೆಗೆ ಉತ್ತರವಾಗಿ ಕೊಡಲು ಬಾರದು. ಜೀವಹಾನಿಯಾದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ ಇದೆ. ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷಗಳವರೆಗೆ ಸೆರೆ. ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡು ವರ್ಷವಿತ್ತು.

ಕಾಗದಗಳೆಲ್ಲ ಸರಿಯಾಗಿ ಕಡತ ಸೇರಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಚೀಲ ಹೊತ್ತು ಮೇಲೇರುವ ಹಮಾಲರು ಕಡತ ಓದುವುದಿಲ್ಲ. ಮೆಟ್ಟಿಲ ಬಳಿ “7.5 ಕಿಲೋನ್ಯೂಟನ್” ಎಂಬ ಇಂಗ್ಲಿಷ್ ಫಲಕ ತೂಗಿಸಿದರೆ ಅವರಿಗೆ ಹೇಳಿದಂತಾಗುವುದಿಲ್ಲ. ಅಟ್ಟದ ಹಾಸಿನ ಮೇಲೆ ಹಳದಿ ಬಣ್ಣದಲ್ಲಿ ಮೀಟರಿಗೊಂದು ಚೌಕ ಎಳೆದು, ಗೋಡೆಯ ಮೇಲೆ “ಒಂದು ಚೌಕಕ್ಕೆ 15 ಚೀಲ, ಹೆಚ್ಚಿಲ್ಲ” ಎಂದು ಮರಾಠಿ, ಕನ್ನಡ, ತೆಲುಗು ಮೂರರಲ್ಲೂ ದಪ್ಪಗೆ ಬರೆಸಬೇಕು. ಇದಕ್ಕೆ ಎಂಜಿನಿಯರರೂ ಬೇಡ, ವಕೀಲರೂ ಬೇಡ. ಎರಡು ಡಬ್ಬಿ ಬಣ್ಣ ಸಾಕು, ಅಕ್ಷರ ದುಂಡಾಗಿ ಬರೆಯಬಲ್ಲವರು ಈ ಊರಿನ ಮೂರೂ ಭಾಷೆಗಳ ಶಾಲೆಗಳಲ್ಲಿ ಓದಿದ ಕಾರ್ಮಿಕರಲ್ಲೇ ಸಿಗುತ್ತಾರೆ.