ತೆರೆಯ ನರಸಿಂಹ, ಪುರಾಣದ ನರಸಿಂಹ

2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ್ ನರಸಿಂಹ’ ಅನಿಮೇಷನ್ ಚಿತ್ರ 300 ಕೋಟಿ ರೂಪಾಯಿಗೂ ಅಧಿಕ ಗಳಿಸಿತೆಂಬ ವರದಿಗಳು ಚಿತ್ರೋದ್ಯಮವನ್ನು ಬೆರಗುಗೊಳಿಸಿದ್ದವು. ಅಶ್ವಿನ್ ಕುಮಾರ್ ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಚಿತ್ರ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಬಿಡುಗಡೆಯಾಯಿತು. ಗಳಿಕೆಯ ಲೆಕ್ಕಾಚಾರದ ಅಬ್ಬರದಲ್ಲಿ ಹಿಂದೆ ಸರಿದ ಪ್ರಶ್ನೆಯೊಂದಿದೆ: ಬರಹದ ಪುರಾಣಕ್ಕೂ ತೆರೆಯ ಪುರಾಣಕ್ಕೂ ಇರುವ ಅಂತರವೆಷ್ಟು?

ಈ ಪ್ರಶ್ನೆ ಬೆಳಗಾವಿಯ ಮಟ್ಟಿಗೆ ದೂರದ್ದಲ್ಲ. ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಖಾನಾಪುರ ತಾಲ್ಲೂಕಿನಲ್ಲಿ, ಕದಂಬರ ಕಾಲದ ಪಲಾಶಿಕಾ, ಅಂದರೆ ಇಂದಿನ ಹಲಸಿ ಇದೆ. ಗೋವೆಯ ಕದಂಬರ ಕಾಲದ, 12ನೇ ಶತಮಾನದ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿವೆ. ಹಿರಣ್ಯಾಕ್ಷನನ್ನು ಕೊಂದ ವರಾಹ ಹಾಗೂ ಹಿರಣ್ಯಕಶಿಪುವನ್ನು ಕೊಂದ ನರಸಿಂಹ ಒಂದೇ ಸೂರಿನಡಿ ಪೂಜೆಗೊಳ್ಳುತ್ತಾರೆ. ಚಿತ್ರವೂ ಈ ಎರಡು ಅವತಾರಗಳನ್ನು ಒಂದೇ ಕಥಾಸೂತ್ರದಲ್ಲಿ ಪೋಣಿಸಿದೆ. ಭಾಗವತದಲ್ಲಾದರೋ ವರಾಹನ ಕಥೆ ತೃತೀಯ ಸ್ಕಂಧದಲ್ಲಿ, ಪ್ರಹ್ಲಾದನ ಕಥೆ ಸಪ್ತಮ ಸ್ಕಂಧದಲ್ಲಿ ಬರುತ್ತದೆ.

ಇದು ರಾಮಾಯಣ, ಮಹಾಭಾರತಗಳಂತಹ ಇತಿಹಾಸಕಾವ್ಯದ ರೂಪಾಂತರವಲ್ಲ, ಪುರಾಣಗಳ ರೂಪಾಂತರ. ಚಿತ್ರದ ಆಧಾರಗಳೆಂದು ಹೇಳಲಾದ ಗ್ರಂಥಗಳಲ್ಲೇ ಏಕಾಭಿಪ್ರಾಯವಿಲ್ಲ. ವಿಷ್ಣುಪುರಾಣದಲ್ಲಿ ಬೆಂಕಿ, ವಿಷ, ಸರ್ಪ, ಆನೆಗಳಿಂದ ಮಗನನ್ನು ಪೀಡಿಸಿದ ತಂದೆ ಕೊನೆಗೆ ಅವನನ್ನು ಅಪ್ಪಿಕೊಂಡು ಕಣ್ಣೀರಿಡುತ್ತಾನೆ. ನರಸಿಂಹನಿಂದಾದ ಅವನ ವಧೆ ಅಲ್ಲಿ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಕಂಬ ಸೀಳಿ ಬರುವ ರೋಮಾಂಚಕ ಚಿತ್ರಣ ಭಾಗವತದ್ದು. ಚಿತ್ರದಲ್ಲಿರುವ ಹೋಳಿಕಾ ಪ್ರಸಂಗವಂತೂ ಭಾಗವತದ ಪ್ರಹ್ಲಾದ ಚರಿತ್ರೆಯಲ್ಲಿ ಇಲ್ಲ.

ಆದ್ದರಿಂದ ‘ಮೂಲಕ್ಕೆ ನಿಷ್ಠೆ’ ಎಂಬ ಅಳತೆಗೋಲು ಇಲ್ಲಿ ಸಾಲದು. ಕೂಡಿಸುವುದು, ಕಳೆಯುವುದು ಹೊಸತೇನೂ ಅಲ್ಲ. ಇದೇ ಜಿಲ್ಲೆಯ ಕುಲಗೋಡ ತಮ್ಮಣ್ಣ ರೂಪಿಸಿದ ಶ್ರೀಕೃಷ್ಣ ಪಾರಿಜಾತ ದೇವಲೋಕದ ಕಥೆಯನ್ನು ಉತ್ತರ ಕರ್ನಾಟಕದ ಮನೆಮಾತಿಗೆ ಇಳಿಸಿತು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಡಾ. ರಾಜ್‌ಕುಮಾರ್ ಅವರ ಹಿರಣ್ಯಕಶಿಪು ಬಾಲಕ ಪುನೀತ್ ಅವರ ಪ್ರಹ್ಲಾದನಷ್ಟೇ ಜನಮನದಲ್ಲಿ ಉಳಿದ. ಕೇಳಬೇಕಾದ ಪ್ರಶ್ನೆ, ಒತ್ತು ಎಲ್ಲಿ ಬಿದ್ದಿದೆ ಎಂಬುದು.

ಭಾಗವತದಲ್ಲಿ ನರಸಿಂಹ-ಹಿರಣ್ಯಕಶಿಪು ಕಾಳಗಕ್ಕೆ ಸಿಕ್ಕಿರುವುದು ಬೆರಳೆಣಿಕೆಯ ಶ್ಲೋಕಗಳು. ಬಳಿಕ ಪ್ರಹ್ಲಾದ ಮಾಡುವ ಸ್ತುತಿಗೆ ನಲವತ್ತಕ್ಕೂ ಹೆಚ್ಚು ಶ್ಲೋಕಗಳಿವೆ. ದೇವತೆಗಳಷ್ಟೇ ಅಲ್ಲ, ಲಕ್ಷ್ಮಿಯೂ ಹತ್ತಿರ ಹೋಗಲಂಜಿದ ಉಗ್ರಮೂರ್ತಿಯ ಮುಂದೆ ನಿಲ್ಲುವುದು ಒಬ್ಬ ಬಾಲಕ. ವರ ಕೇಳೆಂದಾಗ ತನಗಾಗಿ ಏನನ್ನೂ ಬಯಸದೆ, ತನ್ನನ್ನು ಕೊಲ್ಲಹೊರಟ ತಂದೆಗೆ ಪಾಪವಿಮೋಚನೆ ಬೇಡುತ್ತಾನೆ. ಕಥೆಯ ಶಿಖರ ವಧೆಯಲ್ಲ, ಕ್ಷಮೆ. ಚಿತ್ರದ ಶಿಖರವಾದರೋ ದೀರ್ಘವಾದ ಕಾಳಗ. ತೆರೆಯ ಮಾಧ್ಯಮಕ್ಕೆ ಚಲನೆ ಬೇಕು. ಸ್ತುತಿಯನ್ನು ಚಲನೆಯಾಗಿಸುವುದು ಕಷ್ಟ. ಕಾರಣ ಅರ್ಥವಾಗುವಂತಹದೇ, ಆದರೆ ನಷ್ಟವೂ ಸಣ್ಣದಲ್ಲ.

ಈ ಮಾತಿಗೆ ಮಹತ್ವ ಬರುವುದು ಮುಂದಿನ ಯೋಜನೆಯಿಂದ. ಪರಶುರಾಮನಿಂದ ಕಲ್ಕಿಯವರೆಗೆ 2037ರ ತನಕ ಸರಣಿ ಚಿತ್ರಗಳು ಬರಲಿವೆ ಎಂದು ನಿರ್ಮಾಪಕರು ಪ್ರಕಟಿಸಿದ್ದಾರೆ. ಇಂದಿನ ಮಕ್ಕಳ ಪಾಲಿಗೆ ದಶಾವತಾರವೆಂದರೆ ಈ ಚಿತ್ರಗಳೇ ಆಗುವ ಸಾಧ್ಯತೆಯಿದೆ. ಸಾಲು ಯುದ್ಧಗಳೇ ಅವರ ನೆನಪಿನಲ್ಲಿ ಉಳಿದರೆ, ಉಗ್ರತೆ ಶಮನಗೊಂಡ ಬಗೆಯನ್ನು ಹೇಳುವವರು ಯಾರು?

ಚಿತ್ರವನ್ನು ದೂರುವುದರಿಂದ ಇದಕ್ಕೆ ಉತ್ತರ ಸಿಗದು. ಪುರಾಣದತ್ತ ಮಕ್ಕಳನ್ನು ಸೆಳೆದ ಶ್ರೇಯ ಅದಕ್ಕೆ ಸಲ್ಲಲೇಬೇಕು. ಉಳಿದ ಕಥೆ ಹೇಳುವ ಹೊಣೆ ಮನೆ ಮತ್ತು ಶಾಲೆಗಳದು. ಬೆಳಗಾವಿಯವರಿಗೆ ಅದಕ್ಕೊಂದು ಅನುಕೂಲವೂ ಇದೆ: ಹಲಸಿಯ ಆ ಎರಡು ಗರ್ಭಗೃಹಗಳ ನಡುವೆ ಮಕ್ಕಳನ್ನು ನಿಲ್ಲಿಸಿ, ಕಾಳಗ ಮುಗಿದ ಮೇಲಿನ ಕಥೆಯನ್ನು ಅಲ್ಲಿಂದಲೇ ಆರಂಭಿಸಬಹುದು.